ಕಮಲಕ್ಕನ ಹರಕೆ ಮತ್ತು ನನ್ನ ಚಿಲ್ಲರೆ ಬ್ಯಾಗು

ಮಣಿಪಾಲದಿಂದ ಹೊರಟು ಉಡುಪಿ, ಕಾಪು, ಎರ್ಮಾಳ್, ಪಡುಬಿದ್ರಿ, ನಂದಿಕೂರು, ಬೆಳ್ಮಣ್ ದಾಟಿ ಕಾರ್ಕಳ ಮುಟ್ಟುವ ಒಂದು ಸರ್ವಿಸ್ ಬಸ್ಸಿನಲ್ಲಿ ನಾನು ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದೆ. ಹೆಸರು ಸದಾಶಿವ, ಆದರೆ ದಾರಿಯುದ್ದಕ್ಕೂ ಸದಣ್ಣ. ಬಡ್ತಿಯ ವಿಷಯ ಬರೆಯಲಿಕ್ಕೆ ಏನೂ ಇಲ್ಲ. ಖಾಸಗಿ ಬಸ್ಸಿನ ಕಂಡಕ್ಟರನಿಗೆ ಬಡ್ತಿ ಎಂದರೆ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಬರುವುದು, ಅಷ್ಟೆ. ನಾನು ಎರಡು ಬಾಗಿಲಲ್ಲೂ ನಿಂತವನು.

ಮೊನ್ನೆ ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಕಂಡಕ್ಟರರು ಸಿಕ್ಕಿದರು. ಕುತ್ತಿಗೆಯಲ್ಲಿ ಕ್ಯೂಆರ್ ಕೋಡಿನ ಕಾರ್ಡು, ಕೈಯಲ್ಲಿ ಟಿಕೆಟ್ ಮೆಷಿನು. "ನಿಮ್ಮ ಕಾಲದಲ್ಲಿ ಕಷ್ಟದ ಕೆಲಸ ಎಂತದು ಅಣ್ಣ?" ಎಂದು ಕೇಳಿದರು. "ಚಿಲ್ಲರೆ" ಎಂದೆ. ಇಬ್ಬರೂ ನಕ್ಕರು. ನಗಲಿ, ನಗುವ ವಯಸ್ಸು. ಆದರೆ ಚಿಲ್ಲರೆಯ ಸಿಟ್ಟಿನಲ್ಲಿ ನಾನು ಎರ್ಮಾಳಿನ ಮೀನು ಮಾರುವ ಕಮಲಕ್ಕನಿಗೆ ಒಂದು ದೊಡ್ಡ ಅನ್ಯಾಯ ಮಾಡಿದ್ದೇನೆ. ಅದನ್ನು ಕೇಳಿದ ಮೇಲೂ ಅವರಿಗೆ ನಗಬೇಕು ಅನಿಸಿದರೆ ಧಾರಾಳ ನಗಲಿ.

ಮೊದಲು ಚಿಲ್ಲರೆ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಹೇಳುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿದವರೆಲ್ಲ ನೋಟು ಹಿಡಿದು ಕೈ ಚಾಚುವುದು. ಒಬ್ಬರ ಕೈಯಲ್ಲೂ ನಾಣ್ಯ ಇರುವುದಿಲ್ಲ. ಅಂಗಡಿಯವನಲ್ಲಿ ಕೇಳಿದರೆ, "ಇಲ್ಲ ಸದಣ್ಣ, ನಾನೇ ಚಾಕಲೇಟು ಕೊಟ್ಟು ಸುಧಾರಿಸುವುದು" ಎನ್ನುತ್ತಿದ್ದ. ಬ್ಯಾಂಕಿನಲ್ಲಿ ಕೇಳಿದರೆ, "ನಾವು ಮೂಟೆಗಟ್ಟಲೆ ಹೊರಗೆ ಕೊಟ್ಟಿದ್ದೇವೆ, ವಾಪಸು ಬಂದೇ ಇಲ್ಲ" ಎಂದು ನನ್ನನ್ನೇ ಕಳ್ಳನ ಹಾಗೆ ನೋಡುತ್ತಿದ್ದರು. ಮಕ್ಕಳ ಡಬ್ಬಿಗೆ ಒಂದಷ್ಟು ಹೋಗುತ್ತಿತ್ತು. ಕಳೆದುಹೋದ ದನ ಸಿಗಲಿ, ಗಲ್ಫಿನ ವೀಸಾ ಬರಲಿ ಎಂದು ಬಟ್ಟೆಯಲ್ಲಿ ಕಟ್ಟಿಟ್ಟ ಕಾಣಿಕೆಯಾಗಿ ಇನ್ನೊಂದಷ್ಟು ದೇವರ ಕೋಣೆ ಸೇರುತ್ತಿತ್ತು. ನಮ್ಮ ಕಡೆ ಮನೆಗೊಂದು ಡಬ್ಬಿ ಉಂಟು. ಅದರೊಳಗೆ ಬಿದ್ದ ರೂಪಾಯಿಗೆ ಬಸ್ಸಿನ ಯೋಗ ಮತ್ತೆ ಇಲ್ಲ.

ಇದ್ದ ನಾಣ್ಯವನ್ನು ಬೇಡ ಎಂದ ಬುದ್ಧಿವಂತಿಕೆಯೂ ನಮ್ಮದೇ. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂದು ಯಾರೋ ಸುದ್ದಿ ಎಬ್ಬಿಸಿದರು. ನಾನೂ ನಂಬಿದೆ. ನಂದಿಕೂರಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದ ಬಾಗಲಕೋಟೆ ಕಡೆಯ ಶಿವಪ್ಪ ಎಂಬವರು ಒಂದು ದಿನ ಎರಡು ಹತ್ತರ ನಾಣ್ಯ ಕೊಟ್ಟರು. "ಇದು ನಡೆಯುದಿಲ್ಲ, ನೋಟು ಕೊಡಿ" ಎಂದೆ.

"ಯಾಕ್ರಿ? ಸರ್ಕಾರದ ರೊಕ್ಕ ಐತ್ರಿ ಇದು. ನಾ ಏನ್ ಮನ್ಯಾಗ ಕುಂತು ಮಾಡೀನೇನ್ರಿ?"

ಬಸ್ಸಿಡೀ ನಕ್ಕಿತು. ನಾನು ಮರ್ಯಾದೆ ಉಳಿಸಿಕೊಳ್ಳಲಿಕ್ಕೆ ತೆಗೆದುಕೊಂಡೆ. ಸಂಜೆ ಕಲೆಕ್ಷನ್ ಕೊಡುವಾಗ ನಮ್ಮ ಧಣಿ, ಅಂದರೆ ಬಸ್ಸಿನ ಮಾಲಕರು, ಆ ನಾಣ್ಯಗಳನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಎಂತ ಸದಾಶಿವ, ಚಿಲ್ಲರೆ ಇಲ್ಲ ಇಲ್ಲ ಹೇಳಿ ದಿನಾ ಅಳ್ತಿ. ಚಿಲ್ಲರೆ ಬಂದರೆ ಅದಕ್ಕೂ ಅಳ್ತಿಯಲ್ಲ?" ಎಂದರು. ಆದರೆ ನಾಣ್ಯವನ್ನು ಮಾತ್ರ ನನಗೇ ವಾಪಸು ಕೊಟ್ಟರು.

ಇನ್ನೊಂದು ಕಾರಣ ಉಂಟು. ಅದನ್ನು ನಾನು ಕೆಲಸದಲ್ಲಿದ್ದಾಗ ಯಾರಿಗೂ ಹೇಳಿಲ್ಲ. ನನ್ನ ಚರ್ಮದ ಬ್ಯಾಗಿಗೆ ಹೆಂಡತಿಯ ಕೈಯಿಂದ ಒಳಗಡೆ ಒಂದು ಗುಟ್ಟಿನ ಜೇಬು ಹೊಲಿಸಿದ್ದೆ. ಹೊರಗಿನ ಜೇಬಿನಲ್ಲಿ ನಾಲ್ಕು ನಾಣ್ಯ, ಒಳಗಿನದರಲ್ಲಿ ನೂರು. ಪ್ರಯಾಣಿಕರು ಬಾಕಿ ಕೇಳಿದರೆ ಹೊರಗಿನ ಜೇಬು ಅಲ್ಲಾಡಿಸಿ ತೋರಿಸುತ್ತಿದ್ದೆ. ನಾಳೆಗೆ ಬೇಕಾದೀತು ಎಂಬ ಹೆದರಿಕೆ. ನನ್ನೆದುರು "ಚಿಲ್ಲರೆ ಇಲ್ಲವಲ್ಲ" ಎಂದು ಪರ್ಸು ಬಿಡಿಸಿ ತೋರಿಸುತ್ತಿದ್ದ ಹೆಂಗಸರ ಪರ್ಸಿನಲ್ಲೂ ಇನ್ನೊಂದು ಜಿಪ್ಪು ಇತ್ತೆಂದು ನನಗೆ ಗೊತ್ತು. ನಾನು ಅಡಗಿಸಿಡುತ್ತೇನೆಂದು ಅವರು, ಅವರು ಅಡಗಿಸಿಡುತ್ತಾರೆಂದು ನಾನು.

ಇಷ್ಟಾದ ಮೇಲೂ ಬಸ್ಸು ಓಡಬೇಕಲ್ಲ. ಅದಕ್ಕೆ ನಮ್ಮಲ್ಲಿ ಎರಡು ಉಪಾಯ ಇದ್ದವು. ಒಂದು, ಇಬ್ಬರ ಬಾಕಿಯನ್ನು ಸೇರಿಸಿ ಒಂದೇ ನೋಟು ಕೊಟ್ಟು, "ಇಳಿದ ಮೇಲೆ ಹಂಚಿಕೊಳ್ಳಿ" ಎನ್ನುವುದು. ಇದರಲ್ಲಿ ನಾನು ಒಮ್ಮೆ ಚಂದದಲ್ಲಿ ಸಿಕ್ಕಿಬಿದ್ದೆ. ಬೆಳ್ಮಣ್ಣಿಗೆ ಇಳಿಯುವ ಇಬ್ಬರು ಹಿರಿಯರಿಗೆ ಒಟ್ಟಿಗೆ ಹತ್ತು ರೂಪಾಯಿ ಕೊಟ್ಟೆ. ಇಬ್ಬರೂ ನನ್ನನ್ನು ಕೆಕ್ಕರಿಸಿ ನೋಡಿದರು. ಡ್ರೈವರ್ ಸಂಜೀವಣ್ಣ ಕನ್ನಡಿಯಲ್ಲಿ ನೋಡಿ ತಲೆ ಚಚ್ಚಿಕೊಂಡರು. ಅವರಿಬ್ಬರಿಗೂ ಜಾಗದ ಗಡಿಯ ವಿಷಯದಲ್ಲಿ ಕೋರ್ಟು ಕೇಸು, ಹನ್ನೊಂದು ವರ್ಷದಿಂದ ಮಾತಿಲ್ಲವಂತೆ. ವಾಪಸು ಟ್ರಿಪ್ಪಿನಲ್ಲಿ ನೋಡಿದರೆ ಇಬ್ಬರೂ ಹೋಟೆಲಿನಲ್ಲಿ ಎದುರುಬದುರು ಚಹಾ ಕುಡಿಯುತ್ತಿದ್ದಾರೆ. ಹತ್ತನ್ನು ಒಡೆಯಲಿಕ್ಕೆ ಅವರಿಗೆ ಬೇರೆ ದಾರಿ ಸಿಗಲಿಲ್ಲ. ಕೇಸು ಏನೂ ಮುಗಿಯಲಿಲ್ಲ, ಆದರೆ ಆಮೇಲೆ ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಹೋಗುತ್ತಿದ್ದರು.

ಎರಡನೆಯ ಉಪಾಯ, ಕೊಡಬೇಕಾದ ಬಾಕಿಯನ್ನು ಟಿಕೆಟಿನ ಹಿಂದೆ ಪೆನ್ನಿನಲ್ಲಿ ಬರೆದು ಕೊಡುವುದು. ಇಳಿಯುವ ಮೊದಲು ಟಿಕೆಟ್ ತೋರಿಸಿ ಕೇಳಿದವರಿಗೆ ಕೊಡುತ್ತಿದ್ದೆವು. ಕೇಳದೆ ಇಳಿದರೆ ಅದು ನಮ್ಮ ಲೆಕ್ಕದಲ್ಲಿ ಬಾಕಿಯೇ ಅಲ್ಲ. ಈ ಕಾನೂನು ಯಾರು ಮಾಡಿದ್ದೆಂದು ಕೇಳಬೇಡಿ. ಕಂಡಕ್ಟರರೇ ಮಾಡಿದ್ದು.

ಇನ್ನು ಕಮಲಕ್ಕ. ಎರ್ಮಾಳಿನಲ್ಲಿ ಬೆಳಿಗ್ಗೆ ಏಳೂವರೆಗೆ ಬಂಗುಡೆಯೋ ಬೂತಾಯಿಯೋ ತುಂಬಿದ ಬುಟ್ಟಿಯೊಂದಿಗೆ ಹತ್ತುತ್ತಿದ್ದರು, ಬೆಳ್ಮಣ್ಣಿನಲ್ಲಿ ಇಳಿದು ಮನೆಮನೆಗೆ ಹೋಗಿ ಮಾರುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ನನ್ನನ್ನು ನೀನು ಎಂದೇ ಕರೆಯುವುದು. ಮೀನಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಬಾರದು ಎಂದು ಧಣಿಯ ಆಜ್ಞೆ ಇತ್ತು. ಆದರೂ ನಾನು ಹತ್ತಿಸುತ್ತಿದ್ದೆ, ಯಾಕೆಂದರೆ ನಮ್ಮೊಳಗೆ ಒಂದು ಒಪ್ಪಂದ ಇತ್ತು. ನಿನ್ನೆಯ ವ್ಯಾಪಾರದ ನಾಣ್ಯವನ್ನೆಲ್ಲ ಅವರು ನನಗೆ ಕೊಡುವುದು, ನಾನು ಅಷ್ಟಕ್ಕೇ ನೋಟು ಕೊಡುವುದು. ಅವರ ಬುಟ್ಟಿ ಹಿಂದಿನ ಸೀಟಿನ ಕೆಳಗೆ, ಅವರ ನಾಣ್ಯ ನನ್ನ ಬ್ಯಾಗಿನಲ್ಲಿ. ಹೀಗೆ ಎಷ್ಟೋ ವರ್ಷ ಸುಖವಾಗಿ ನಡೆಯಿತು.

ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮೊದಲು ಒಂದು ದಿನ ಕಮಲಕ್ಕ ನಾಣ್ಯ ಕೊಡುವುದನ್ನು ನಿಲ್ಲಿಸಿದರು. ಹದಿನೆಂಟು ರೂಪಾಯಿ ಟಿಕೆಟಿಗೆ ಇಪ್ಪತ್ತರ ನೋಟು ಚಾಚಿದರು.

"ಎಂತ ಕಮಲಕ್ಕ, ಚಿಲ್ಲರೆ ಇಲ್ವಾ?"

"ಇಲ್ಲ ಮಾರಾಯ."

ಮರುದಿನವೂ ಇಲ್ಲ, ಮರುವಾರವೂ ಇಲ್ಲ, ನಾಲ್ಕೈದು ತಿಂಗಳು ಕಳೆದರೂ ಇಲ್ಲ. ನನಗೆ ಸಿಟ್ಟು ಬಂತು. ನೀವು ಕೊಡದಿದ್ದರೆ ನಾನೂ ಕೊಡುವುದಿಲ್ಲ ಎಂದು ದಿನಾ ಟಿಕೆಟಿನ ಹಿಂದೆ "2 ರೂ. ಬಾಕಿ" ಎಂದು ಬರೆದು ಕೊಡತೊಡಗಿದೆ. ಒಳಗಿನ ಜೇಬಿನಲ್ಲಿ ಇದ್ದರೂ ಕೊಡಲಿಲ್ಲ. ಅವರು ಒಂದು ದಿನವೂ ಕೇಳಲಿಲ್ಲ. ಟಿಕೆಟನ್ನು ಮಡಚಿ ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಬೆಳ್ಮಣ್ಣಿನಲ್ಲಿ ಹತ್ತುವವರ ಕೈಯಲ್ಲೂ ಒಂದು ರೂಪಾಯಿ ನಾಣ್ಯ ಪೂರ್ತಿ ಮಾಯವಾಯಿತು. ಕೇಳಿದರೆ ಒಬ್ಬ ಹೆಂಗಸು, "ಎಲ್ಲ ಕಮಲಕ್ಕ ತಕ್ಕೊಂಡು ಹೋಗ್ತಾರೆ. ನೋಟು ಬೇಡ, ರೂಪಾಯಿ ರೂಪಾಯಿಯೇ ಕೊಡಿ ಅಂತಾರೆ. ನನ್ನ ಮಗನ ಡಬ್ಬಿಯೂ ಖಾಲಿ!" ಎಂದಳು. ನನ್ನ ತಲೆ ಗರಗರ ತಿರುಗಿತು. ನಮ್ಮ ಹಿಂದೆಯೇ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕಮಿಷನ್ ಕೊಟ್ಟು ಚಿಲ್ಲರೆ ಕೊಳ್ಳುತ್ತಾನೆಂದು ಕೇಳಿದ್ದೆ. ನೂರು ರೂಪಾಯಿ ನಾಣ್ಯಕ್ಕೆ ನೂರೈದು. ಓಹೋ, ನನ್ನ ಬಸ್ಸಿನಲ್ಲಿ ಬುಟ್ಟಿ, ಅವನಿಗೆ ಚಿಲ್ಲರೆಯಾ? ಯಾರನ್ನೂ ವಿಚಾರಿಸಲಿಲ್ಲ, ನಾನೇ ಜಡ್ಜು, ನಾನೇ ಪೊಲೀಸು.

ಮರುದಿನ ಎರ್ಮಾಳಿನಲ್ಲಿ ಕಮಲಕ್ಕ ಬುಟ್ಟಿ ಎತ್ತಿ ನಿಂತದ್ದು ಕಂಡಿತು. ನಾನು ಎರಡು ಸಲ ಸೀಟಿ ಊದಿದೆ. ನಿಲ್ಲಿಸಬೇಡಿ, ಹೋಗಿ ಎಂದು ಅರ್ಥ. ಸಂಜೀವಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿದರು, ಮತ್ತೆ ಬಿಟ್ಟರು. ಕಮಲಕ್ಕ ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದು ಕೈ ಬೀಸಿಕೊಂಡು ನಾಲ್ಕು ಹೆಜ್ಜೆ ಓಡಿದ್ದನ್ನು ನಾನು ಬಾಗಿಲಿನಿಂದಲೇ ನೋಡಿದೆ. ಆಗ ಒಳಗೊಳಗೇ ಖುಷಿಯಾಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮತ್ತೆ ಎರಡು ದಿನ ಅವರು ನಿಲ್ದಾಣದಲ್ಲಿ ಇರಲಿಲ್ಲ. ಮೂರನೆಯ ದಿನ ಬುಟ್ಟಿ ಇಲ್ಲ, ಸೊಂಟದಲ್ಲಿ ಒಂದು ಶಿಶು. ಎದುರು ಬದಿಯಲ್ಲಿ ಮಣಿಪಾಲದ ಕಡೆ ಹೋಗುವ ಬಸ್ಸಿಗೆ ಕಾಯುತ್ತಿದ್ದರು. ನಮ್ಮ ಬಸ್ಸು ಕಾರ್ಕಳ ಮುಟ್ಟಿ, ವಾಪಸು ಮಣಿಪಾಲಕ್ಕೆ ಹೋಗಿ, ಮಧ್ಯಾಹ್ನ ಪುನಃ ಹೊರಡುವಾಗ ಅವರು ಅದೇ ಶಿಶುವಿನೊಂದಿಗೆ ನಮ್ಮ ಬಸ್ಸಿಗೇ ಹತ್ತಿದರು. ಕಣ್ಣು ಒದ್ದೆ, ಬಾಯಲ್ಲಿ ನಗು. ನನಗೆ ಏನೂ ಅರ್ಥವಾಗಲಿಲ್ಲ.

"ಎಂತಾಯ್ತು ಕಮಲಕ್ಕ? ಮಗು ಯಾರದ್ದು?"

"ನನ್ನ ಮಗಳದ್ದು. ಶ್ರಾವ್ಯ. ಚೆಕಪ್ಪಿಗೆ ತಂದದ್ದು. ಎಂಟು ಕಿಲೋ ಆಗಿದೆ ಅಂತೆ ಮಾರಾಯ! ಎಂಟು ಕಿಲೋ!"

"ಒಳ್ಳೆಯದೇ ಆಯ್ತಲ್ಲ, ಅಳುವುದು ಯಾಕೆ?"

ಆಗ ಹೇಳಿದರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. "ಹುಟ್ಟುವಾಗ ಒಂದೂವರೆ ಕಿಲೋ ಸಹ ಇರಲಿಲ್ಲ ಇದು. ನನ್ನ ತಕ್ಕಡಿಯಲ್ಲಿ ಇದಕ್ಕಿಂತ ದೊಡ್ಡ ಅಂಜಲ್ ಮೀನು ತೂಗಿದ್ದೇನೆ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಹೊರಗಿನಿಂದ ನೋಡಿಕೊಂಡೇ ಹರಕೆ ಹೇಳಿದೆ. ದೇವರೇ, ಇದು ಬದುಕಲಿ, ತನ್ನ ಕಾಲಲ್ಲಿ ನಿಲ್ಲುವ ಮೊದಲು ಒಂದು ರೂಪಾಯಿ ನಾಣ್ಯದಲ್ಲಿ ತುಲಾಭಾರ ಮಾಡಿಸ್ತೇನೆ, ಮೀನು ಮಾರಿ ನನ್ನ ಕೈಗೆ ಬಂದ ನಾಣ್ಯದಲ್ಲೇ. ಒಂದೂವರೆ ಕಿಲೋ ಮಗು, ನಾಣ್ಯ ಎಷ್ಟು ಬೇಕು ಮಹಾ ಹೇಳಿ ಅಂದಾಜು ಮಾಡಿದ್ದು. ನಾನು ಎರಡು ಕಿಲೋ ಒಟ್ಟು ಮಾಡುವಾಗ ಇದು ನಾಲ್ಕು ಕಿಲೋ. ನಾನು ಐದು ಮಾಡಿದರೆ ಈಗ ಎಂಟು. ಮುಟ್ಟುವುದು ಹೇಗೆ? ಈಗಿನ ರೂಪಾಯಿಯೂ ತೆಳು. ಮೊದಲಿನ ದಪ್ಪ ರೂಪಾಯಿ ಆಗಿದ್ದರೆ ಇಷ್ಟು ಹೊತ್ತಿಗೆ ಮುಗಿದುಹೋಗ್ತಿತ್ತು."

ತುಲಾಭಾರ ಎಂದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಮನುಷ್ಯ, ಇನ್ನೊಂದರಲ್ಲಿ ಅವನ ತೂಕದಷ್ಟು ಹರಕೆಯ ವಸ್ತು. ಬಾಳೆಹಣ್ಣು, ಬೆಲ್ಲ, ಅಕ್ಕಿಯಲ್ಲಿ ಮಾಡಿಸುವವರೇ ಹೆಚ್ಚು. ಕಮಲಕ್ಕನಲ್ಲಿ ದುಡ್ಡಿಗೆ ಬರ ಇರಲಿಲ್ಲ, ನಾಣ್ಯಕ್ಕೆ ಬರ. ನಾನು ಅವರನ್ನು ಬಿಟ್ಟು ಹೋದ ದಿನ ಎರಡು ಗಂಟೆ ಬುಟ್ಟಿ ಹತ್ತಿಸಿಕೊಳ್ಳುವ ಬಸ್ಸು ಸಿಗದೆ, ಐಸು ಕರಗಿ, ಮೀನು ಹಾಳಾಗಿತ್ತು. ಬೆಳ್ಮಣ್ಣಿನ ಅವರ ಗಿರಾಕಿ ಮನೆಗಳವರು ಬೈಕಿನಲ್ಲಿ ಮಾರಲು ಬರುವವನಲ್ಲಿ ಮೀನು ತೆಗೆದುಕೊಂಡಿದ್ದರು.

ಹಿಂದೆ ಮುಂದೆ ನೋಡದೆ ಒಳಗಿನ ಜೇಬಿಗೆ ಕೈ ಹಾಕಿ ಒಂದು ಬೊಗಸೆ ನಾಣ್ಯ ತೆಗೆದು ಅವರ ಮಡಿಲಿಗೆ ಹಿಡಿದೆ. ಆ ಜೇಬು ಇದೆ ಎಂದು ಬಸ್ಸಿಗೆಲ್ಲ ಗೊತ್ತಾಯಿತು.

"ಬೇಡ," ಎಂದರು ಕಮಲಕ್ಕ. "ನೀನು ಕೊಟ್ಟದ್ದು ಆಗುವುದಿಲ್ಲ. ನೋಟು ಕೊಟ್ಟು ತಕ್ಕೊಂಡದ್ದೂ ಆಗುವುದಿಲ್ಲ. ಮೀನಿನದ್ದೇ ಆಗಬೇಕು. ಆದರೆ ಜೇಬು ಚಂದ ಉಂಟು, ಯಾರು ಹೊಲಿದದ್ದು?"

ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ನಂದಿಕೂರಿನಲ್ಲಿ ಇಳಿಯುವಾಗ ಶಿವಪ್ಪನವರೂ ಬಿಡಲಿಲ್ಲ. "ಏನ್ ಕಂಡಕ್ಟ್ರೇ, ಬ್ಯಾಂಕನ್ನ ಬ್ಯಾಗಿನಾಗ ಇಟ್ಟೀರಲ್ರೀ!"

ಅಂದಿನಿಂದ ಕಮಲಕ್ಕನ ಎರಡು ರೂಪಾಯಿ ಬಾಕಿಯನ್ನು ಬರೆದು ಕೊಡುವುದು ನಿಂತಿತು, ಕೈಗೇ ಕೊಡತೊಡಗಿದೆ. ನಾನು ಕೊಡುವ ಬಾಕಿ ಅವರ ಮೀನಿನ ದುಡ್ಡಿನದ್ದೇ, ಹಾಗಾಗಿ ಅದು ನಡೆಯುತ್ತದೆ ಎಂದು ಅವರೇ ತೀರ್ಪು ಕೊಟ್ಟರು. ಬೈಕಿನವನಿಂದ ಮೀನು ತೆಗೆದುಕೊಂಡ ಮನೆಗಳವರೆಲ್ಲ ನನ್ನ ಬಸ್ಸಿನವರೇ ಆದ್ದರಿಂದ, ಟಿಕೆಟ್ ಕೊಡುವಾಗ ಒಬ್ಬೊಬ್ಬರಿಗೂ ವಿಷಯ ಹೇಳಿದೆ. "ಕಮಲಕ್ಕನಲ್ಲಿ ಮೀನು ತಕ್ಕೊಳ್ಳಿ, ರೂಪಾಯಿ ನಾಣ್ಯದಲ್ಲಿ ಕೊಡಿ. ನನಗೆ ನೋಟು ಕೊಟ್ಟರೆ ಸಾಕು, ನಾನು ಹೇಗಾದರೂ ಸುಧಾರಿಸ್ತೇನೆ." ಅಷ್ಟು ವರ್ಷದ ಸರ್ವಿಸಿನಲ್ಲಿ ನನಗೆ ಚಿಲ್ಲರೆ ಬೇಡ ಎಂದು ನಾನು ಹೇಳಿದ್ದು ಅದೇ ಮೊದಲು. ಸಂಜೀವಣ್ಣ ಜ್ವರ ಉಂಟಾ ಎಂದು ಕೇಳಿದರು.

ಆದರೆ ಶ್ರಾವ್ಯ ನಮ್ಮ ಯಾರ ಮಾತನ್ನೂ ಕೇಳಲಿಲ್ಲ. ದಿನದಿನಕ್ಕೆ ಗುಂಡಗಾದಳು. ಹತ್ತನೆಯ ತಿಂಗಳಿಗೆ ಬುಟ್ಟಿ ಹಿಡಿದು ಏಳಲು ಶುರು ಮಾಡಿದಳಂತೆ. ಪ್ರಪಂಚದ ಅಜ್ಜಿಯಂದಿರೆಲ್ಲ ಮಗುವನ್ನು ನಿಲ್ಲಿಸುವಾಗ, ಕಮಲಕ್ಕ ಮಾತ್ರ "ಕೂತ್ಕೋ ಮಗಾ, ಇನ್ನೂ ಒಂದು ಕಿಲೋ ಉಂಟು" ಎಂದು ಮೆಲ್ಲಗೆ ಕೂರಿಸುತ್ತಿದ್ದರು.

ಕೊನೆಗೊಂದು ದಿನ ಕಮಲಕ್ಕ ಮೀನಿನ ತಕ್ಕಡಿಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ತೊಳೆದು, ಮನೆಯಲ್ಲೇ ತೂಗಿ ನೋಡಿದರು. ಮಗುವೂ ನಾಣ್ಯವೂ ಸಮ. ಮರುದಿನವೇ ಊರಿನ ದೇವಸ್ಥಾನಕ್ಕೆ ಹೇಳಿಕಳಿಸಿದರು. ನಾನು ಒಂದು ಟ್ರಿಪ್ ರಜೆ ಹಾಕಿ ಹೋದೆ. ಸಮವಸ್ತ್ರದಲ್ಲೇ ಇದ್ದೆ, ಹೆಗಲಲ್ಲಿ ಬ್ಯಾಗೂ ಇತ್ತು.

ಭಟ್ಟರು ಮಗುವನ್ನು ತಟ್ಟೆಯಲ್ಲಿ ಕೂರಿಸಿದರು. ಕಮಲಕ್ಕ ಎದುರಿನ ತಟ್ಟೆಗೆ ಗೋಣಿಯಿಂದ ನಾಣ್ಯ ಸುರಿದರು. ಗೋಣಿ ಖಾಲಿಯಾಯಿತು, ತಟ್ಟೆ ಮಾತ್ರ ಕೆಳಗೆ ಬರಲಿಲ್ಲ. ಎಲ್ಲರೂ ಮಗುವಿನ ತಾಯಿಯ ಕಡೆ ನೋಡಿದರು. ಆಕೆ ಅಳುಮುಖ ಮಾಡಿ, "ಬೆಳಿಗ್ಗೆ ಒಂದು ಬಟ್ಟಲು ರಾಗಿ ಮಣ್ಣಿ ತಿನ್ನಿಸಿದೆ" ಎಂದಳು. ಮೇಲಿಂದ ಜರಿಯ ಲಂಗ, ಕಾಲಿಗೆ ಬೆಳ್ಳಿಯ ಗೆಜ್ಜೆ. ಗೆಜ್ಜೆ ಬಿಚ್ಚಿದರು. ಆದರೂ ಸಮ ಆಗಲಿಲ್ಲ.

"ಸ್ವಲ್ಪ ಕಡಿಮೆಯಾದರೆ ದೇವರು ಬೇಡ ಹೇಳುವುದಿಲ್ಲ ಕಮಲಕ್ಕ" ಎಂದರು ಭಟ್ಟರು.

ಕಮಲಕ್ಕನ ಮುಖ ಕೆಂಪಾಯಿತು. "ನಲವತ್ತು ವರ್ಷ ತಕ್ಕಡಿ ಹಿಡಿದವಳು ನಾನು. ಗಿರಾಕಿಗೆ ಒಂದು ದಿನ ಕಡಿಮೆ ತೂಗಲಿಲ್ಲ. ದೇವರಿಗೆ ತೂಗಲಿಕ್ಕೆ ಉಂಟಾ?"

ಅಷ್ಟರಲ್ಲಿ ಶ್ರಾವ್ಯ ತಕ್ಕಡಿಯ ಸರಪಳಿ ಹಿಡಿದು ಏಳಲು ನೋಡಿದಳು. ಕಮಲಕ್ಕ "ಅಯ್ಯೋ, ನಿಲ್ಲಬೇಡ ಮಗಾ" ಎಂದು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ಸ್ವರದಲ್ಲಿ ಹೆದರಿಕೆ ಇತ್ತು. ಗಾಜಿನ ಪೆಟ್ಟಿಗೆಯ ಎದುರು ನಿಂತಾಗಿನ ಹೆದರಿಕೆಯೇ ಇರಬೇಕು. ನನ್ನ ಬ್ಯಾಗಿನಲ್ಲಿ ನಾಣ್ಯ ಇದ್ದೂ ಪ್ರಯೋಜನವಿಲ್ಲದೆ ನಾನು ಕಂಬದ ಹಾಗೆ ನಿಂತೆ. ಇಷ್ಟು ವರ್ಷದಲ್ಲಿ ಅಷ್ಟು ನಿಷ್ಪ್ರಯೋಜಕ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ.

ಕಮಲಕ್ಕ ನನ್ನನ್ನೇ ನೋಡಿದರು. ಆಮೇಲೆ ಸೊಂಟದ ಚೀಲದಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತೆಗೆದರು. ಅದರೊಳಗೆ ರಬ್ಬರ್ ಬ್ಯಾಂಡ್ ಹಾಕಿದ ಟಿಕೆಟಿನ ಕಟ್ಟು.

"ನಿನ್ನ ಧಣಿಗೆ ತೋರಿಸಿ ನಿನಗೆ ಎರಡು ಬೈಸಬೇಕು ಹೇಳಿ ಇಟ್ಟದ್ದು ಮಾರಾಯ. ಮತ್ತೆ ಪಾಪ ಅನಿಸಿತು. ತೆಗಿ ಈಗ ನನ್ನ ಬಾಕಿ."

ಎದುರು ಬದಿಯ ಅಕ್ಷರಗಳೆಲ್ಲ ಮಾಸಿ ಟಿಕೆಟು ಬೆಳ್ಳಗಾಗಿತ್ತು. ಹಿಂದೆ ನನ್ನ ಕೈಬರಹ ಮಾತ್ರ ಸ್ಪಷ್ಟ ಇತ್ತು, "2 ರೂ. ಬಾಕಿ". ಸಿಟ್ಟಿನಲ್ಲಿ ಬರೆದದ್ದಲ್ಲವೇ, ಪೆನ್ನು ಒತ್ತಿತ್ತು. ಅವರು ಒಂದೊಂದೇ ಟಿಕೆಟ್ ಕೊಟ್ಟರು. ನಾನು ಒಳಗಿನ ಜೇಬಿನಿಂದ ಒಂದು ರೂಪಾಯಿಯ ಎರಡೆರಡೇ ನಾಣ್ಯ ತೆಗೆದು ತಟ್ಟೆಗೆ ಹಾಕಿದೆ. ಎಪ್ಪತ್ತೆರಡನೆಯ ಟಿಕೆಟಿಗೆ ತಟ್ಟೆ ಮೆಲ್ಲಗೆ ಇಳಿದು ಮಗುವಿನ ಸಮಕ್ಕೆ ನಿಂತಿತು. ಕಮಲಕ್ಕ ಕೈ ಮುಗಿದರು. ನಾನೂ ಮುಗಿದೆ. ಕಣ್ಣೀರು ಬಂತು, ಸುಳ್ಳು ಯಾಕೆ ಹೇಳಲಿ?

ಅವರ ಕೈಯಲ್ಲಿ ಇನ್ನೂ ಒಂದು ಟಿಕೆಟ್ ಉಳಿದಿತ್ತು. ಅದಕ್ಕೂ ಎರಡು ರೂಪಾಯಿ ತೆಗೆದೆ. ಅವರು ಟಿಕೆಟ್ ಹಿಂದಕ್ಕೆ ಎಳೆದುಕೊಂಡರು. "ಇದು ಇರಲಿ. ನೀನು ಬಿಟ್ಟು ಹೋದ ದಿನದ ನೆನಪಿಗೆ."

ಮರುದಿನ ನಾನು ದೇವಸ್ಥಾನದ ಆಫೀಸಿಗೆ ಹೋಗಿ, ನೋಟು ಕೊಟ್ಟು ಆ ನಾಣ್ಯಗಳನ್ನೆಲ್ಲ ತಂದೆ. ಒಳಗಿನ ಜೇಬಿನ ಬಾಯಿಯನ್ನು ಹೆಂಡತಿಯ ಹತ್ತಿರವೇ ಹೊಲಿಸಿ ಮುಚ್ಚಿಸಿದೆ. ಎಲ್ಲರಿಗೂ ಕೇಳುವ ಮೊದಲೇ ಬಾಕಿ ಕೊಟ್ಟೆ. ನಾಲ್ಕು ದಿನದಲ್ಲಿ ಚೀಲ ಖಾಲಿಯಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ನಾನು ಕೊಡುತ್ತೇನೆಂದು ಗೊತ್ತಾದ ಮೇಲೆ ಜನರೂ ಕೊಡತೊಡಗಿದರು. ಪರ್ಸಿನ ಎರಡನೆಯ ಜಿಪ್ಪುಗಳೂ ತೆರೆದವು. ಶಿವಪ್ಪನವರ ಹತ್ತರ ನಾಣ್ಯವನ್ನೂ ಮರುಮಾತಿಲ್ಲದೆ ತೆಗೆದುಕೊಂಡೆ. ಹೊಸ ಕಂಡಕ್ಟರರೇ, ನಿಮಗೆ ಈಗ ನಾಣ್ಯದ ತೊಂದರೆ ಇಲ್ಲದಿರಬಹುದು. ಆದರೂ ಬ್ಯಾಗಿಗೆ ಗುಟ್ಟಿನ ಜೇಬು ಹೊಲಿಸಬೇಡಿ. ಬುಟ್ಟಿ ಹಿಡಿದು ಓಡಿ ಬರುವವರನ್ನು ಕಂಡರೆ ಬಸ್ಸು ನಿಲ್ಲಿಸಿ, ಆಮೇಲೆ ಜಗಳ ಮಾಡಿ.

ಕಳೆದ ತಿಂಗಳು ಎರ್ಮಾಳಿಗೆ ಹೋಗಿದ್ದೆ. ಕಮಲಕ್ಕ ಈಗ ಮೀನಿಗೆ ಹೋಗುವುದಿಲ್ಲ, ಮಂಡಿ ನೋವು ಬಿಡುವುದಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಇಬ್ಬರೂ ನಮ್ಮ ನಮ್ಮ ಮಂಡಿಯ ಸುದ್ದಿ ಹೇಳಿಕೊಂಡೆವು. ಅಷ್ಟರಲ್ಲಿ ಶಾಲೆಯಿಂದ ಶ್ರಾವ್ಯ ಓಡಿಕೊಂಡು ಬಂದಳು. ಮೂರನೆಯ ಕ್ಲಾಸು. ನಿಂತಲ್ಲಿ ನಿಲ್ಲುವ ಜಾತಿಯಲ್ಲ. ನನ್ನನ್ನು ಕಂಡದ್ದೇ ಒಳಗೆ ಹೋಗಿ ಏನನ್ನೋ ತಂದು ನನ್ನ ಮೂಗಿನೆದುರು ಹಿಡಿದಳು. ಅದೇ ಟಿಕೆಟ್.

"ಕಂಡಕ್ಟರಜ್ಜ, ಎರಡು ರೂಪಾಯಿ ಬಾಕಿ ಉಂಟು ನಿಮ್ಮದು."

ಜೇಬು ಮುಟ್ಟಿ ನೋಡಿದೆ. ಅಂಗಿಯ ಜೇಬಿನಲ್ಲಿ ಮೊಬೈಲು, ಪ್ಯಾಂಟಿನ ಜೇಬಿನಲ್ಲಿ ಒಂದು ಐನೂರರ ನೋಟು. ಬಸ್ಸಿಗೂ ಈಗ ಮೊಬೈಲಿನಲ್ಲೇ ಕೊಡುವುದಲ್ಲವೇ?

"ಚಿಲ್ಲರೆ ಇಲ್ಲ ಮಗಾ" ಎಂದೆ.

ಕಮಲಕ್ಕ ಕೆಮ್ಮು ಬರುವಷ್ಟು ನಕ್ಕರು. ಶ್ರಾವ್ಯ ನಗಲಿಲ್ಲ. ಗಂಭೀರವಾಗಿ ಟಿಕೆಟನ್ನು ಮಾಸಿದ ಬದಿಗೆ ತಿರುಗಿಸಿ, ಪೆನ್ನು ಕೊಟ್ಟು, "ಹಾಗಾದರೆ ಇಲ್ಲಿಯೂ ಬರೆದು ಕೊಡಿ" ಎಂದಳು. ಬರೆದು ಕೊಟ್ಟೆ. ನಾಳೆಯೇ ತಂದುಕೊಡುತ್ತೇನೆ ಎಂದು ಎದ್ದೆ.

ಕಮಲಕ್ಕ ಕಣ್ಣು ಒರೆಸಿಕೊಂಡು ಹೇಳಿದರು: "ಅವಸರ ಮಾಡಬೇಡ ಮಾರಾಯ. ಬಾಕಿ ಇದ್ದರೆ ಪುನಃ ಬರ್ತಿ."